ಬರ್ತೀನಿ ಅಂದವರು ಯಾರು

ಎಲ್ಲ ಶುರುವಾದದ್ದು ಒಂದು ವಾಷರಿನಿಂದ. ಅಂಗೈ ಮೇಲಿಟ್ಟರೆ ಇದೆಯೋ ಬಿದ್ದುಹೋಯಿತೋ ಎಂದು ಹುಡುಕಬೇಕಾದಷ್ಟು ಚಿಕ್ಕ, ಕಪ್ಪು ರಬ್ಬರಿನ ವಾಷರು. ಅದು ಸವೆದರೆ ನಲ್ಲಿ ತೊಟ್ಟಿಕ್ಕುತ್ತದೆ. ನಮ್ಮ ಕಥಾನಾಯಕನ ಅಡುಗೆಮನೆಯ ನಲ್ಲಿ ಎರಡು ವರ್ಷ ಒಂದು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಅದರಲ್ಲೇನು ವಿಶೇಷ, ಎಷ್ಟೋ ಮನೆಯಲ್ಲಿ ತೊಟ್ಟಿಕ್ಕುತ್ತದೆ ಎನ್ನಬೇಡಿ. ನಮ್ಮ ಕಥಾನಾಯಕನ ಕಸುಬೇ ನಲ್ಲಿ ರಿಪೇರಿ.

ಅವನನ್ನು ಎಲ್ಲರೂ ವಾಷರಣ್ಣ ಎಂದೇ ಕರೆಯುತ್ತಿದ್ದರು. ಪಳಗಿದ ಕೈ. ಗೋಡೆಗೆ ಕಿವಿಯಿಟ್ಟು, ಒಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಬೆರಳಿಟ್ಟು ತೋರಿಸುವಂಥವನು. ಅವನಲ್ಲಿದ್ದ ದೋಷ ಒಂದೇ. ಯಾರು ಕರೆದರೂ ಆಗುವುದಿಲ್ಲ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. "ಬರ್ತೀನಿ" ಎಂದುಬಿಡುತ್ತಿದ್ದ. ದಿನಕ್ಕೆ ಇಪ್ಪತ್ತು ಮನೆಗೆ ಬರ್ತೀನಿ ಎಂದು, ಎರಡು ಮನೆಗೆ ಹೋಗುತ್ತಿದ್ದ. ಉಳಿದ ಹದಿನೆಂಟು ಮನೆಯವರು ನಲ್ಲಿಯ ಮೂತಿಗೆ ಹಳೆ ಬಟ್ಟೆ ಸುತ್ತಿ, ಬಾಗಿಲ ಕಡೆ ನೋಡುತ್ತ ಕೂತಿರುತ್ತಿದ್ದರು. ಸುಳ್ಳುಗಾರನಲ್ಲ, ಪಾಪ. ಹೇಳುವ ಹೊತ್ತಿಗೆ ಅವನಿಗೆ ಹೋಗುವ ಮನಸ್ಸು ನಿಜವಾಗಿಯೂ ಇರುತ್ತಿತ್ತು.

ಆದರೆ ಹೆಂಡತಿಗೆ ಇಂಥ ವಿವರಣೆ ಎಷ್ಟು ದಿನ ಕೊಡಲಾದೀತು? "ರೀ, ಈ ನಲ್ಲಿ" ಎಂದು ಆಕೆ ಶುರುಮಾಡಿದಾಗಲೆಲ್ಲ ಇವನು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಬರ್ತೀನಿ ತಾಳು ಇವಳೇ, ಬಂದು ಮಾಡ್ತೀನಿ" ಎನ್ನುತ್ತಿದ್ದ. ಹತ್ತು ದಿನದ ಹಿಂದೆ ಆಕೆ ಚೀಲ ಹೆಗಲಿಗೇರಿಸಿ, ತನ್ನ ಬೀಗದಕೈಯನ್ನು ಮೊಳೆಗೆ ನೇತುಹಾಕಿ, ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. "ಬರ್ತೀನಿ."

ಇಲ್ಲೇ ನೋಡಿ ಪೇಚು. ನಮ್ಮ ಮಾತಿನಲ್ಲಿ ಹೋಗುವವರು ಯಾರೂ ಹೋಗ್ತೀನಿ ಎನ್ನುವುದಿಲ್ಲ. ಬರುವವರೂ ಬರ್ತೀನಿ, ಹೊರಟುಹೋಗುವವರೂ ಬರ್ತೀನಿ. ವಾಷರಣ್ಣನಂಥವರ ಬಾಯಲ್ಲಾದರೆ ಅದಕ್ಕೆ ಮೂರನೆಯ ಅರ್ಥವೂ ಉಂಟು, ಬರುವುದಿಲ್ಲ ಎಂದು. ಹಾಗಾದರೆ ಹೆಂಡತಿ ಹೇಳಿದ್ದು ಯಾವ ಬರ್ತೀನಿ? ತವರಿಗೆ ಹೋಗಿ ಬರುವುದೋ, ಹೋಗಿಯೇಬಿಡುವುದೋ? ಹತ್ತು ದಿನ ಮೊಳೆಯ ಮೇಲಿನ ಬೀಗದಕೈ ನೋಡುತ್ತ ಅವನು ಇದನ್ನೇ ಯೋಚಿಸಿದ. ಕೈಗೆ ಸ್ಪ್ಯಾನರ್ ತೆಗೆದುಕೊಂಡು ಆ ನಲ್ಲಿಯನ್ನು ಸರಿಮಾಡಬಹುದಿತ್ತು. ನಾಳೆ ಮಾಡೋಣ ಎಂದುಕೊಂಡ.

ಅದರ ಬದಲು ಅವನು ಹತ್ತನೆಯ ದಿನದ ಸಂಜೆ ಮಾಡಿದ ಕೆಲಸವೇ ಬೇರೆ. ಬೀದಿ ಕೊನೆಯ ಮೊಬೈಲ್ ಅಂಗಡಿಗೆ ಹೋಗಿ, "ಅಕ್ಕಾ, ದಿನಕ್ಕೆ ಅರವತ್ತು ಮೆಸೇಜ್ ಬರ್ತವೆ. ಎಲ್ಲರಿಗೂ ಅದೇ ಒಂದು ಮಾತು ಬರೆದು ಬರೆದು ಹೆಬ್ಬೆಟ್ಟು ನೋಯ್ತಿದೆ. ಇದೇ ತನ್ನಷ್ಟಕ್ಕೆ ಬರೆಯೋ ಹಾಗೆ ಮಾಡಿಕೊಡಿ" ಎಂದ. ಅಂಗಡಿಯ ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿ ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. "ಆಯ್ತು ಅಣ್ಣಾ. ಇನ್ನು ಮೇಲೆ ಯಾರು ಏನು ಕಳಿಸಿದ್ರೂ ಇದು ಬರ್ತೀನಿ ಅಂತ ಉತ್ತರ ಕೊಡುತ್ತೆ. ನೀವು ಆರಾಮಾಗಿರಿ" ಎಂದಳು. ಅವನು ಆರಾಮಾಗಿ ಮಲಗಿದ.

ಬೆಳಗ್ಗೆ ಆರಕ್ಕೆ ಕಣ್ಣು ಬಿಟ್ಟಾಗ ಫೋನು ಗುಂಯ್‌ಗುಡುತ್ತ ತಾನಾಗಿಯೇ ಮಂಚದ ಅಂಚಿನವರೆಗೆ ಸರಿದುಹೋಗಿತ್ತು. ನಾಲ್ಕು ಸಾವಿರದ ಚಿಲ್ಲರೆ ಮೆಸೇಜು. ಎಲ್ಲದರಲ್ಲೂ ಒಂದೇ ಮಾತು, ಬರ್ತೀನಿ. ತಾನು ಕಳಿಸಿದ್ದೇ ಇರಬೇಕು ಎಂದು ಮೊದಲು ಅಂದುಕೊಂಡ. ಕಣ್ಣುಜ್ಜಿ ನೋಡಿದರೆ ಎಲ್ಲವೂ ಅವನಿಗೇ ಬಂದಿದ್ದವು. ಹಲ್ಲಿನ ಡಾಕ್ಟರಮ್ಮನಿಂದ ಬರ್ತೀನಿ. ನೀರಿನ ಆಫೀಸಿನ ಗುಮಾಸ್ತನಿಂದ ಬರ್ತೀನಿ. ಯಾವುದೋ ಬ್ಯಾಂಕಿನಿಂದ, ಪೈಪಿನ ಕಂಪನಿಯಿಂದ, ಹೆಸರೇ ಕೇಳದ ದೇಶಗಳ ಉದ್ದುದ್ದ ನಂಬರುಗಳಿಂದ ಬರ್ತೀನಿ. ಹದಿನೈದು ವರ್ಷ ತಾನು ಕಂಡಕಂಡವರಿಗೆ ಕೊಟ್ಟ ಮಾತೆಲ್ಲ ಒಂದೇ ಬೆಳಗ್ಗೆ ವಾಪಸು ಬಂದಂತೆ ಅವನಿಗೆ ಅನಿಸಿತು.

ಬೆರಳಿನಿಂದ ತಳ್ಳುತ್ತ ತಳ್ಳುತ್ತ ಕೆಳಗೆ ಹೋದಾಗ ಅವನ ಬೆರಳು ಒಂದು ಕಡೆ ನಿಂತಿತು. ಐದು ಐವತ್ತಕ್ಕೆ ಬಂದ ಒಂದು ಮೆಸೇಜು ಹೆಂಡತಿಯದು. "ಬರ್ತೀನಿ."

ಕೂಡಲೇ ಫೋನು ಮಾಡಿದ. ಎಲ್ಲ ಲೈನುಗಳೂ ಬ್ಯುಸಿ ಎಂದು ಯಾವಳೋ ಹೆಂಗಸು ಹೇಳಿದಳು. ಹನ್ನೊಂದು ಸಲ ಮಾಡಿದ, ಹನ್ನೊಂದು ಸಲವೂ ಅವಳೇ. ಇದು ಹೆಂಡತಿ ಬರೆದದ್ದೋ, ಅಥವಾ ಇದೂ ಆ ನಾಲ್ಕು ಸಾವಿರದಲ್ಲಿ ಒಂದೋ? ನಿಜವಾದರೆ ಆಕೆ ಹನ್ನೊಂದೂವರೆಯ ಬಸ್ಸಿಗೆ ಬಂದಿಳಿಯುತ್ತಾಳೆ. ಬಂದು ಆ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿದರೆ ಚೀಲ ಹೆಗಲಿಂದ ಇಳಿಸುವುದೂ ಇಲ್ಲ. ಅವನು ಮಹಡಿ ಮೆಟ್ಟಿಲು ಹತ್ತಿ ಮೇಷ್ಟ್ರ ಬಾಗಿಲು ಬಡಿದ. ಮೇಷ್ಟ್ರು ನಲವತ್ತು ವರ್ಷ ವ್ಯಾಕರಣ ಪಾಠ ಮಾಡಿ ನಿವೃತ್ತರಾದವರು.

ಬಾಗಿಲು ತೆರೆದ ಮೇಷ್ಟ್ರ ಕಣ್ಣು ಕೆಂಪಾಗಿತ್ತು. "ನಿನಗೂ ಬಂತಾ?" ಎಂದರು.

"ನಿಮಗೂ ಬಂತಾ ಮೇಷ್ಟ್ರೇ?"

"ಬಾ ಒಳಗೆ. ಲೋಕಕ್ಕೆಲ್ಲ ಬಂದಿದೆ."

ಒಳಗೆ ಟೀವಿ ಹಚ್ಚಿತ್ತು. ಕೆಳಗಿನ ಮನೆಯ ಟೈಲರಮ್ಮ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡು, ಬಾಯಿ ಮೇಲೆ ಬೆರಳಿಟ್ಟು ಆಗಲೇ ಅಲ್ಲಿ ಕೂತಿದ್ದಳು. ವಾಷರಣ್ಣನೂ ಕಣ್ಣು ಕಣ್ಣು ಬಿಟ್ಟು ನೋಡಿದ. ರಾತ್ರಿ ಬೆಳಗಾಗುವುದರೊಳಗೆ ಆ ಒಂದು ಮಾತು ಭೂಮಿಯ ಮೇಲೆ ಹೊಗದ ಜಾಗವೇ ಇರಲಿಲ್ಲ. ಬೆಳ್ಳುಳ್ಳಿ ಸುಲಿಯುವುದು ಹೇಗೆ ಎಂಬ ವಿಡಿಯೋದ ಕೆಳಗೆ ಒಂಬತ್ತು ಲಕ್ಷ ಸಲ ಬರ್ತೀನಿ. ಯಾರದೋ ನಲವತ್ತು ವರ್ಷದ ಹಿಂದಿನ ಮದುವೆ ಫೋಟೋದ ಕೆಳಗೆ ಬರ್ತೀನಿ. ಬಸವನಹುಳುಗಳ ಬಗ್ಗೆ ಇಬ್ಬರೇ ಇಬ್ಬರು ಓದುತ್ತಿದ್ದ ಒಂದು ಪುಟದಲ್ಲೂ ಬರ್ತೀನಿ. ಹವಾಮಾನದ ಪುಟದಲ್ಲಿ ನಾಳೆ ಎಂಬಲ್ಲಿ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಬರ್ತೀನಿ. ಆಸ್ಪತ್ರೆಯ ಟೋಕನ್ ಬೋರ್ಡಿನಲ್ಲಿ ಬರ್ತೀನಿ ಎಂದು ಕಂಡು, ಮುನ್ನೂರು ರೋಗಿಗಳು ಒಟ್ಟಿಗೆ ಎದ್ದು ನಿಂತಿದ್ದರು. ನಡುಸಮುದ್ರದಲ್ಲಿದ್ದ ಹಡಗಿನ ಪರದೆಯ ಮೇಲೂ ಅದೇ. ನಕ್ಷತ್ರ ನೋಡುವ ದೊಡ್ಡ ದುರ್ಬೀನಿನ ಕಂಪ್ಯೂಟರಿನಲ್ಲೂ ಅದೇ. ಅಲ್ಲಿನ ವಿಜ್ಞಾನಿಯೊಬ್ಬರು ಮಾತಾಡಲು ಬಂದು, ಮಾತು ಹೊರಡದೆ, ಆಕಾಶದ ಕಡೆ ಕೈತೋರಿಸಿ ಹೋದರು.

"ಬೇರೆ ದೇಶದವರಿಗೆ ಅವರವರ ಭಾಷೆಯಲ್ಲೇ ಬಂದಿದೆಯಂತೆ" ಎಂದಳು ಟೈಲರಮ್ಮ ಪಿಸುದನಿಯಲ್ಲಿ. "ಯಾರು ಕಳಿಸಿದ್ದು ಅಂತ ಒಬ್ಬರಿಗೂ ಗೊತ್ತಿಲ್ಲ. ಯಾರೂ ಕಳಿಸೇ ಇಲ್ವಂತೆ. ನನ್ನ ಹೆಸರಲ್ಲಿ ನಿಮಗೆ, ನಿಮ್ಮ ಹೆಸರಲ್ಲಿ ನನಗೆ. ಹಾಗೇ ಬಂದುಬಿಟ್ಟಿದೆ."

ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಪಾಠ ಹೇಳುವ ಧಾಟಿಯಲ್ಲಿ ಅತ್ತಿಂದಿತ್ತ ಓಡಾಡಿದರು. "ಉತ್ತಮ ಪುರುಷ, ಏಕವಚನ. ಅಂದರೆ ಒಬ್ಬರೇ. ಗಂಡಸೋ ಹೆಂಗಸೋ ಈ ರೂಪದಲ್ಲಿ ತಿಳಿಯೋದಿಲ್ಲ. ಇವತ್ತೋ ನಾಳೆಯೋ ಅದೂ ತಿಳಿಯೋದಿಲ್ಲ. ಮಿಕ್ಕ ಭಾಷೆಯವರು ಯಾರೋ ಬರ್ತಿದ್ದಾರೆ ಅಂತ ಸಡಗರ ಪಡ್ತಿದ್ದಾರೆ. ನಮಗೆ ಮಾತ್ರ ಇನ್ನೊಂದು ಅನುಮಾನ. ಯಾರೋ ಲೋಕ ಬಿಟ್ಟು ಹೊರಡ್ತಾ ಹೇಳಿದ ಮಾತೂ ಇರಬಹುದಲ್ಲ."

ಇಷ್ಟು ದೊಡ್ಡ ಲೋಕಕ್ಕೆ ಇಷ್ಟು ಪುಟ್ಟ ಮಾತು ಬಂದು ತಟ್ಟಿದೆಯಲ್ಲ ಎಂದು ಮೂವರಿಗೂ ಒಟ್ಟಿಗೇ ಅನಿಸಿತು.

ವಾಷರಣ್ಣ ಮೆಲ್ಲಗೆ ಫೋನು ಚಾಚಿದ. "ಮೇಷ್ಟ್ರೇ, ಇದು ನನ್ನ ಹೆಂಡತಿದು. ಇದು ಲೋಕದ್ದೋ, ಅವಳದ್ದೋ ಸ್ವಲ್ಪ ನೋಡಿ ಹೇಳ್ತೀರಾ?"

ಮೇಷ್ಟ್ರು ಫೋನನ್ನು ಬೆಳಕಿಗೆ ಹಿಡಿದು ನೋಡಿದರು. ಹಿಂದಿರುಗಿಸುತ್ತ, ತಮ್ಮ ಫೋನನ್ನು ಅವನ ಕೈಗಿಟ್ಟರು. "ಇದನ್ನ ನೀನು ನೋಡು" ಎಂದರು. ಅದರಲ್ಲೂ ಒಂದು ಬರ್ತೀನಿ. ಕಳಿಸಿದವರ ಹೆಸರಿನ ಜಾಗದಲ್ಲಿ ಮನೆಯವರು ಎಂದಿತ್ತು. ಮೇಷ್ಟ್ರ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಆಕೆಯ ಫೋನು ಬೀರುವಿನಲ್ಲಿ ಸೀರೆಗಳ ನಡುವೆ ಇತ್ತು. ಮೇಷ್ಟ್ರು ಬೆಳಗ್ಗೆ ಬೀರು ತೆರೆದು ಅದನ್ನು ಮುಟ್ಟಿ ನೋಡಿ ಬಂದಿದ್ದರು.

"ನನಗೆ ವ್ಯಾಕರಣ ಗೊತ್ತು ಕಣಪ್ಪ" ಎಂದರು. "ಇದು ಗೊತ್ತಿಲ್ಲ."

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಯಾರಾದ್ರೂ ಆಗಲಿ, ಬರ್ತೀನಿ ಅಂದಿದ್ದಾರೆ. ಬಂದವರು ನಿಂತೇ ಇರೋಕಾಗುತ್ತಾ?" ಎಂದು ಕೆಳಗಿಳಿದು, ಹೊಲಿಗೆ ಮೆಷಿನ್ನಿನ ಹಿಂದಿದ್ದ ಸ್ಟೂಲನ್ನು ಒರೆಸಿ ತಂದು ಬಾಗಿಲ ಹೊರಗಿಟ್ಟಳು. ಅದನ್ನು ನೋಡಿ ಮೇಷ್ಟ್ರೂ ಎರಡು ಕುರ್ಚಿ ಇಳಿಸಿ ಬೀದಿ ಬದಿಗೆ ಹಾಕಿ, ಒಂದರಲ್ಲಿ ತಾವು ಕೂತು, ಇನ್ನೊಂದನ್ನು ಖಾಲಿ ಬಿಟ್ಟರು. ಎದುರು ಮನೆಯವರು ಒಂದು ಬೆಂಚು ತಂದರು. ಎಂಟು ಗಂಟೆಗೆ ಬೀದಿಯುದ್ದಕ್ಕೂ ಬಾಗಿಲಿಗೊಂದು ಖಾಲಿ ಕುರ್ಚಿ. ಒಂಬತ್ತಕ್ಕೆ ಟೀವಿಯಲ್ಲಿ ನೋಡಿದರೆ ದೇಶದೇಶಗಳಲ್ಲೂ ಜನ ಬಾಗಿಲ ಮುಂದೆ ಗುಡಿಸಿ, ಕುರ್ಚಿ ಹಾಕಿ, ಮಾತಾಡದೆ ನಿಂತಿದ್ದಾರೆ. ಇದನ್ನು ಯಾರು ಯಾರಿಗೆ ಹೇಳಿಕೊಟ್ಟರೋ ಯಾರಿಗೂ ತಿಳಿಯದು.

ವಾಷರಣ್ಣನಿಗೆ ಮಾತ್ರ ಲೋಕದ ಗೊಡವೆಗಿಂತ ನಲ್ಲಿಯ ಗೊಡವೆ ದೊಡ್ಡದಾಗಿತ್ತು. ಹೆಂಡತಿ ಬಂದರೂ ಬರಬಹುದು, ಈಗಲೇ ಆ ನಲ್ಲಿ ಸರಿಮಾಡಿಬಿಡೋಣ ಎಂದು ಗಟ್ಟಿಮನಸ್ಸು ಮಾಡಿ ಸ್ಪ್ಯಾನರ್ ಹಿಡಿದು ಕೂತ. ಚೀಲ ತಡಕಿದರೆ ಒಂದೇ ಒಂದು ವಾಷರಿಲ್ಲ. ವಾಷರಣ್ಣನ ಮನೆಯಲ್ಲಿ ವಾಷರಿಲ್ಲ. ಚೀಲ ಹೆಗಲಿಗೇರಿಸಿ, ಬೀಗ ಹಾಕಿಕೊಂಡು ನಲ್ಲಿ ಸಾಮಾನಿನ ಅಂಗಡಿಗೆ ಓಡಿ, ಒಂದು ವಾಷರು ತಂದು ಅಂಗಿ ಜೇಬಿಗೆ ಹಾಕಿಕೊಂಡ. ಅಲ್ಲಿಂದ ನೆಟ್ಟಗೆ ಮನೆಗೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ದಾರಿಯಲ್ಲಿ ಮೊಬೈಲ್ ಅಂಗಡಿ ಸಿಕ್ಕಿತು. ಫೋನಿನ ಗುಂಯ್‌ಕಾರವನ್ನಾದರೂ ನಿಲ್ಲಿಸಿಕೊಂಡು ಹೋಗೋಣ ಎಂದು ಒಳಗೆ ಕಾಲಿಟ್ಟ.

ಅಂಗಡಿಯ ಅಕ್ಕ ಫೋನಿಗೆ ವೈರು ಚುಚ್ಚಿ, ಅದರೊಳಗಿನ ಸಾಲುಗಳನ್ನು ಓದುತ್ತ ಓದುತ್ತ ಬಿಳಿಚಿಕೊಂಡಳು. "ಅಣ್ಣಾ, ಕೂತ್ಕೊಳ್ಳಿ" ಎಂದಳು.

"ಕೂರೋಕೆ ಪುರುಸೊತ್ತಿಲ್ಲ ಅಕ್ಕಾ."

"ಇಲ್ಲ, ಕೂತ್ಕೊಳ್ಳಿ. ಲೋಕದಲ್ಲಿ ಮೊಟ್ಟಮೊದಲ ಬರ್ತೀನಿ ಕಂಡದ್ದು ನಿನ್ನೆ ಸಂಜೆ ಏಳೂ ಹನ್ನೆರಡಕ್ಕೆ ಅಂತ ಹೇಳ್ತಿದ್ದಾರೆ. ನಾನು ನಿಮ್ಮ ಫೋನ್ ಸರಿಮಾಡಿದ್ದು ಏಳೂ ಹತ್ತಕ್ಕೆ. ಏಳೂ ಹನ್ನೊಂದಕ್ಕೆ ಯಾವುದೋ ಜಾಹೀರಾತಿನ ಯಂತ್ರ ನಿಮಗೆ ಮೆಸೇಜ್ ಕಳಿಸಿದೆ. ಇದು ಬರ್ತೀನಿ ಅಂದಿದೆ. ಆ ಯಂತ್ರ ಅದನ್ನೇ ಹಿಡ್ಕೊಂಡು ಇನ್ನೊಂದು ಯಂತ್ರಕ್ಕೆ ಕೊಟ್ಟಿದೆ. ಅದು ಮತ್ತೊಂದಕ್ಕೆ. ಭಾಷಾಂತರ ಮಾಡೋ ಯಂತ್ರಗಳು ಅರ್ಧ ಅರ್ಥ ಹಿಡಿದು ಲೋಕಕ್ಕೆಲ್ಲ ಹಂಚಿವೆ. ಅಣ್ಣಾ, ಇದೆಲ್ಲ ಶುರುವಾದದ್ದು ನಿಮ್ಮಿಂದ."

ವಾಷರಣ್ಣ ಕೂತ. ಆ ಸಮುದ್ರದ ಹಡಗು, ಆಕಾಶಕ್ಕೆ ಕೈತೋರಿಸಿದ ವಿಜ್ಞಾನಿ, ಬಾಗಿಲಿಗೊಂದು ಕುರ್ಚಿ, ಎಲ್ಲ ಅವನ ಕಣ್ಣ ಮುಂದೆ ಸುಳಿದವು. ತನ್ನ ಹೆಬ್ಬೆಟ್ಟನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಭಯವೂ ಆಯಿತು, ಸುಳ್ಳು ಹೇಳಬಾರದು, ಒಂದಿಷ್ಟು ಹೆಮ್ಮೆಯೂ ಆಯಿತು. "ಯಾರಿಗೂ ಹೇಳಬೇಡಿ ಅಕ್ಕಾ" ಎಂದ.

"ನಾನ್ಯಾಕೆ ಹೇಳ್ಲಿ" ಎಂದಳು ಅಕ್ಕ. ಕಾಲು ಗಂಟೆಯಲ್ಲಿ ಅಂಗಡಿ ಮುಂದೆ ಇನ್ನೂರು ಜನ ಸೇರಿದರು.

ಫೋನನ್ನು ಗಾಜಿನ ಕಪಾಟಿನೊಳಗೆ ಇಟ್ಟದ್ದಾಯಿತು. ಅಲ್ಲಿಯೂ ಅದು ಬಿಡುವಿಲ್ಲದೆ ಬೆಳಗಿ ಬೆಳಗಿ ಉತ್ತರ ಬರೆಯುತ್ತಲೇ ಇತ್ತು. ಜನ ಸಾಲಾಗಿ ಬಂದು, ಚಪ್ಪಲಿ ಸದ್ದು ಮಾಡದೆ ನೋಡಿ, ತಲೆ ಅಲ್ಲಾಡಿಸುತ್ತ ಮುಂದೆ ಹೋಗುತ್ತಿದ್ದರು. "ಅಕ್ಕಾ, ಫೋನ್ ಕೊಡಿ, ನಾನು ಮನೆಗೆ ಹೋಗ್ಬೇಕು" ಎಂದು ವಾಷರಣ್ಣ ಗೋಗರೆದ. "ಈಗ ತೆಗೆದ್ರೆ ಜನ ನನ್ನ ಬಿಟ್ಟಾರಾ ಅಣ್ಣಾ? ಸಂಜೆ ಕೊಡ್ತೀನಿ" ಎಂದಳು ಅಕ್ಕ. ಫೋನು ಹೋದರೆ ಹೋಗಲಿ, ಮನೆ ಸೇರಿದರೆ ಸಾಕು ಎಂದು ಅವನು ಹಿಂದಿನ ಬಾಗಿಲಿನ ಕಡೆ ಸರಿಯುತ್ತಿದ್ದಾಗ, ಗುಂಪಿನ ನಡುವಿನಿಂದ ಒಂದು ದನಿ ಕೇಳಿತು.

"ಬರ್ತೀನಿ ಅಂದವರು ಇವರೇನಾ?"

ಹಲ್ಲಿನ ಡಾಕ್ಟರಮ್ಮ. ಅವರ ಬಾಯಿ ಮುಕ್ಕಳಿಸುವ ಬೇಸಿನ್ನು ಸೋರಲು ಶುರುವಾಗಿ ಏಳು ತಿಂಗಳಾಗಿತ್ತು. "ನನಗೂ ಬರ್ತೀನಿ ಅಂದಿದ್ರು. ಇಪ್ಪತ್ತೆರಡು ಸಲ. ಹಲ್ಲು ಕೀಳಿಸ್ಕೊಂಡವರೆಲ್ಲ ಉಗುಳೋಕೆ ಹಿತ್ತಿಲಿಗೆ ಹೋಗ್ತಿದ್ದಾರೆ."

ಇನ್ನೊಬ್ಬರು ಕೈಯೆತ್ತಿದರು. "ನಮ್ಮ ಮನೆಗೂ." ಮತ್ತೊಬ್ಬರು ಕೈಯೆತ್ತಿದರು. ನೋಡುನೋಡುತ್ತಿದ್ದ ಹಾಗೆ ಅರ್ಧ ಗುಂಪಿನ ಕೈಗಳು ಮೇಲಿದ್ದವು. ಬೇರೆ ದಿನವಾಗಿದ್ದರೆ ಬೈಗಳು ಬೀಳುತ್ತಿತ್ತು. ಅವತ್ತು ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತರಿಸಿತು. ಡಾಕ್ಟರಮ್ಮ ಹತ್ತಿರ ಬಂದು ತೀರ ಮೆತ್ತಗೆ ಹೇಳಿದರು. "ವಾಷರಣ್ಣ, ಇಡೀ ಪ್ರಪಂಚ ಇವತ್ತು ಒಂದು ಮಾತನ್ನ ನಂಬಿ ಬಾಗಿಲಲ್ಲಿ ನಿಂತಿದೆ. ಆ ಮಾತು ನಿಮ್ಮದು. ನೀವೇ ಅದನ್ನ ನಡೆಸಿಕೊಡದಿದ್ರೆ ಹೇಗೆ?"

"ನಡೆಸ್ತೀನಮ್ಮ. ಆದ್ರೆ ಮೊದಲು ಮನೆಗೆ ಹೋಗಿ..." ಎಂದ ಅವನು. ಬಾಯಿಗೆ ತಾನಾಗಿಯೇ ಬಂದುಬಿಟ್ಟಿತು. "ಈಗ ಬರ್ತೀನಿ."

ಗುಂಪು ಒಮ್ಮೆಗೇ ನಿಟ್ಟುಸಿರು ಬಿಟ್ಟಿತು. ಇಬ್ಬರು ಅವನ ಚೀಲ ಎತ್ತಿಕೊಂಡರು. ಇಬ್ಬರು ರಟ್ಟೆ ಹಿಡಿದರು. ನಲ್ಲಿ ಸಾಮಾನಿನ ಅಂಗಡಿಯವರು ಒಂದು ಡಬ್ಬಿ ತುಂಬ ವಾಷರು ತಂದುಕೊಟ್ಟರು. ಮೆರವಣಿಗೆ ಡಾಕ್ಟರಮ್ಮನ ಬೀದಿಯ ಕಡೆ ಹೊರಟಾಗ ಗಡಿಯಾರದಲ್ಲಿ ಹತ್ತೂವರೆ.

ಏನು ಹೇಳಲಿ ಆ ದಿನದ ವೈಖರಿ. ಹದಿನೈದು ವರ್ಷದ ಬಾಕಿ ಬರ್ತೀನಿಗಳನ್ನೆಲ್ಲ ವಾಷರಣ್ಣ ಒಂದೇ ದಿನದಲ್ಲಿ ತೀರಿಸಿದ. ಅವನ ಹಿಂದೆ ನೂರು ಜನ ಮೌನವಾಗಿ ಮನೆಯಿಂದ ಮನೆಗೆ ನಡೆದರು. ಮೂರನೇ ಅಂತಸ್ತಿನ ಅಜ್ಜಿಯ ನಲ್ಲಿ ಸೋರುವುದನ್ನು ನಿಲ್ಲಿಸಿದಾಗ ಅಜ್ಜಿ ಅವನ ತಲೆ ಮುಟ್ಟಿ, "ಬಂದೆಯಲ್ಲಪ್ಪ" ಎಂದಳು. ಗ್ರಂಥಾಲಯದ ಕಕ್ಕಸು, ಬೇಕರಿಯ ಹಿಂದಿನ ತೊಟ್ಟಿ, ಶಾಲೆಯ ಎಂಟು ಕೊಳಾಯಿ. ಪ್ರತಿ ಮನೆ ಮುಗಿದಾಗಲೂ ಅವನು ಬಾಗಿಲ ಕಡೆ ನೋಡಿ, "ಇನ್ನು ನಾನು ಮನೆಗೆ..." ಎಂದರೆ, "ಇದೊಂದು ವಾಷರಣ್ಣ, ಪಕ್ಕದಲ್ಲೇ" ಎಂದು ಇನ್ನೊಂದು ಕೈ ರಟ್ಟೆ ಹಿಡಿಯುತ್ತಿತ್ತು. ಹನ್ನೊಂದೂವರೆ ದಾಟಿತು. ಅವಳು ಬಂದಿರಲಿಕ್ಕಿಲ್ಲ, ಅದು ಲೋಕದ ಬರ್ತೀನಿಯೇ ಇರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಒಂದು ವೇಳೆ ಬಂದಿದ್ದರೂ ಫೋನಿದೆಯಲ್ಲ, ಕೇಳುತ್ತಾಳೆ ಎಂದುಕೊಂಡ. ಫೋನು ಗಾಜಿನ ಕಪಾಟಿನಲ್ಲಿರುವುದು ಅವನಿಗೆ ಮರೆತೇಹೋಗಿತ್ತು.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸುದ್ದಿ ಹಬ್ಬಿತು. ಬರುವವರು ನಾಲ್ಕು ಗಂಟೆಗೆ ಬರುತ್ತಾರಂತೆ. ಎಲ್ಲಿಂದ ಹುಟ್ಟಿತೋ ಆ ಮಾತು, ಯಾವ ದೇಶದ ನಾಲ್ಕು ಗಂಟೆಯೋ, ಯಾರೂ ಕೇಳಲಿಲ್ಲ. ಮೂರೂ ಐವತ್ತೈದಕ್ಕೆ ವಾಹನಗಳು ನಿಂತವು. ಅಂಗಡಿಯವರು ತಕ್ಕಡಿ ಕೆಳಗಿಟ್ಟರು. ಟೀವಿಯಲ್ಲಿ ಸುದ್ದಿ ಓದುತ್ತಿದ್ದಾಕೆ ಕೂಡ ಹಾಳೆ ಮಡಿಸಿಟ್ಟು ಸುಮ್ಮನೆ ಕೂತಳು.

ವಾಷರಣ್ಣ ಆಗ, ಮತ್ತೆ ಸೋರಿತೆಂದು ಕರೆಸಿಕೊಂಡ ಕಾರಣ, ಎರಡನೇ ಸಲ ಡಾಕ್ಟರಮ್ಮನ ಬೇಸಿನ್ನಿನ ಕೆಳಗೆ ಅಂಗಾತ ಮಲಗಿದ್ದ. ನಾಲ್ಕು ಹೊಡೆಯಿತು. ಹುಟ್ಟಿದಾಗಿನಿಂದ ಅವನು ಅಂಥ ನಿಶ್ಶಬ್ದ ಕೇಳಿರಲಿಲ್ಲ. ಒಂದು ಹಾರನ್ನಿಲ್ಲ, ಒಂದು ಮಾತಿಲ್ಲ. ಪೈಪಿನೊಳಗೆ ನೀರು ನಿಂತು ಉಸಿರಾಡುವುದು ಕೂಡ ಕೇಳುವಂತಿತ್ತು. ಮುಖ್ಯವಾಗಿ, ಎಲ್ಲೂ ಒಂದು ನಲ್ಲಿ ತೊಟ್ಟಿಕ್ಕುವ ಸದ್ದಿರಲಿಲ್ಲ. ಇದು ನನ್ನ ಕೆಲಸ ಎಂದು ಅವನ ಕಣ್ಣಲ್ಲಿ ನೀರು ಬಂತು. ಯಾರು ಬಂದರೋ ಬಿಟ್ಟರೋ, ಆ ಐದು ನಿಮಿಷ ಯಾರೋ ದೊಡ್ಡವರು ಕೋಣೆಯೊಳಗೆ ಬಂದು ನಿಂತ ಹಾಗೆ ಅವನಿಗೆ ಅನಿಸಿತು. ಬೇಸಿನ್ನಿನ ಕೆಳಗೆ ಮಲಗಿದ್ದಲ್ಲೇ ಅವನು ಕೈಮುಗಿದ.

ಆಮೇಲೆ ಒಂದು ಕಾರು ಹಾರನ್ ಹಾಕಿತು. ಯಾರೋ ಕೆಮ್ಮಿದರು. ಲೋಕ ಎಂದಿನಂತೆ ಶುರುವಾಯಿತು.

ಸಂಜೆ ಆರಕ್ಕೆ ಅವನನ್ನು ಬಿಟ್ಟರು. ಮೊಬೈಲ್ ಅಂಗಡಿಯ ಮುಂದೆ ನರಪಿಳ್ಳೆಯಿಲ್ಲ. ಅಕ್ಕ ಮುಖ ಸಪ್ಪೆ ಮಾಡಿಕೊಂಡು ಶಟರ್ ಎಳೆಯುತ್ತಿದ್ದಳು. "ತಗೊಳ್ಳಿ ಅಣ್ಣಾ ನಿಮ್ಮ ಫೋನು. ನೀವೊಬ್ಬರೇ ಅಲ್ವಂತೆ. ಒಂದೊಂದು ಊರಲ್ಲೂ ಒಬ್ಬೊಬ್ಬರು ಸಿಕ್ಕಿದ್ದಾರಂತೆ, ಎಲ್ಲರದ್ದೂ ಏಳೂ ಹತ್ತೇ. ಈಗ ಲೆಕ್ಕಕ್ಕೆ ಹನ್ನೊಂದು ಸಾವಿರ ಜನ. ಬಣ್ಣ ಬಳಿಯೋರು, ಬಡಗಿಗಳು, ದರ್ಜಿಗಳು, ಗ್ಯಾಸ್ ಒಲೆ ರಿಪೇರಿಯವರು. ಎಲ್ಲರ ಹತ್ತಿರವೂ ಇವತ್ತೇ ಕೆಲಸ ಮಾಡಿಸ್ಕೊಂಡಿದ್ದಾರೆ."

"ಹಾಗಾದ್ರೆ ಶುರುಮಾಡಿದ್ದು ಯಾರು ಅಕ್ಕಾ?"

"ಯಾರಿಗೆ ಗೊತ್ತು" ಎಂದು ಅಕ್ಕ ಆಕಾಶದ ಕಡೆ ನೋಡಿದಳು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. "ಇನ್ನೊಂದು ವಿಷಯ. ನಿಮ್ಮ ಫೋನ್ ಉತ್ತರ ಕೊಡೋದನ್ನ ನಿಲ್ಲಿಸೋಕೆ ಆಗ್ತಿಲ್ಲ. ನಾಳೆ ಬನ್ನಿ, ನೋಡೋಣ."

ಅವನು ಮನೆಯ ಬೀದಿಗೆ ತಿರುಗಿದಾಗ ಜನ ಕುರ್ಚಿಗಳನ್ನು ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ಟೈಲರಮ್ಮ ಸ್ಟೂಲು ಎತ್ತಿಕೊಂಡು ಅವನ ಕಡೆ ನೋಡಿದಳು. "ಯಾರೂ ಬರ್ಲಿಲ್ಲ ವಾಷರಣ್ಣ. ಇಡೀ ದಿನ ಕಾದಿದ್ದೇ ಬಂತು. ನಿನ್ನ ಹೆಂಡತಿ ಬಿಟ್ರೆ ಒಬ್ಬ ನರಮನುಷ್ಯನೂ ಬರ್ಲಿಲ್ಲ."

ವಾಷರಣ್ಣ ಅವಳ ಸ್ಟೂಲಿಗೆ ಕೈಹಾಕಿ ತಡೆದ. "ಯಾರು ಬಂದಿದ್ರು?"

ಮೇಷ್ಟ್ರು ಇನ್ನೂ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಖಾಲಿ ಕುರ್ಚಿಯ ಕೈ ಮೇಲೆ ಅವರ ಕೈಯಿತ್ತು. "ಹನ್ನೊಂದೂ ಮುಕ್ಕಾಲಿಗೆ ಬಂದಳಪ್ಪ. ಬೀಗ ಹಾಕಿತ್ತು. ಇಲ್ಲೇ ಕೂರಿಸಿದೆ. ಆ ಕುರ್ಚಿಯಲ್ಲಿ ಆರು ವರ್ಷದ ಮೇಲೆ ಒಬ್ಬರು ಕೂತು ನನ್ನ ಜೊತೆ ಮಾತಾಡಿದ್ರು. ನನಗೆ ಬಂದದ್ದು ಸುಳ್ಳಾಗಲಿಲ್ಲ ಅನ್ನಿಸ್ತು."

"ನನಗೆ ಹೇಳಿಕಳಿಸಬಾರದಾಗಿತ್ತಾ ಮೇಷ್ಟ್ರೇ?"

"ಹೇಳಿಕಳಿಸ್ತೀನಿ ಅಂದೆ. ಬೇಡ ಮೇಷ್ಟ್ರೇ, ಬರ್ತೀನಿ ಅಂತ ಬರೀತಾನೇ ಇದ್ದಾರೆ ಅಂತ ಫೋನ್ ತೋರಿಸಿದಳು. ಬಂದಾಗ ಮನಸ್ಸು ಚೆನ್ನಾಗೇ ಇತ್ತು. ಮತ್ತೆ ನಾಲ್ಕು ಗಂಟೆಗೆ ಎಲ್ಲ ನಿಶ್ಶಬ್ದ ಆಯ್ತಲ್ಲ, ಆಗ..." ಮೇಷ್ಟ್ರು ಅವನ ಬಾಗಿಲ ಕಡೆ ನೋಡಿದರು. "ಊರಲ್ಲೆಲ್ಲ ಒಂದೇ ಸದ್ದಪ್ಪ. ನಿಮ್ಮ ಬಾಗಿಲ ಆಚೆಯಿಂದ. ಟಪ್, ಟಪ್ ಅಂತ."

ವಾಷರಣ್ಣ ಫೋನು ತೆರೆದು, ಸಾವಿರಾರು ಬರ್ತೀನಿಗಳ ನಡುವೆ ಹೆಂಡತಿಯ ಹೆಸರನ್ನು ಹುಡುಕಿದ.

"ಬೆಳಗ್ಗೆ ಬರ್ತೀನಿ ಅಂತ ಬರೆದಿದ್ನಲ್ಲ, ಬಂದಿದ್ದೀನಿ. ಬಾಗಿಲಿಗೆ ಬೀಗ. ಎಲ್ಲಿದ್ದೀರಿ?" ಅದರ ಕೆಳಗೆ ಅವನ ಫೋನಿನ ಉತ್ತರ. "ಬರ್ತೀನಿ."

"ಮೇಷ್ಟ್ರ ಹತ್ತಿರ ಕೂತಿದ್ದೀನಿ. ಬೇಗ ಬನ್ನಿ." "ಬರ್ತೀನಿ."

"ಊಟ ಮಾಡಿದ್ರಾ?" "ಬರ್ತೀನಿ."

"ನನ್ನದೂ ತಪ್ಪಿದೆ ರೀ. ಒಂದು ನಲ್ಲಿಗೋಸ್ಕರ ಹತ್ತು ದಿನ ಬಿಟ್ಟಿರಬಾರದಾಗಿತ್ತು. ಅದನ್ನ ಸರಿಮಾಡಿರ್ತೀರಿ ಅಂತ ನಂಗೊತ್ತು." "ಬರ್ತೀನಿ."

"ಬಾಗಿಲಾಚೆ ಕೇಳಿಸ್ತಿದೆ." "ಬರ್ತೀನಿ."

ತಪ್ಪಾಯ್ತು ಇವಳೇ ಎಂದು ಬರೆಯಲು ನೋಯುವ ಹೆಬ್ಬೆಟ್ಟನ್ನು ಎತ್ತಿದ. ಅಷ್ಟರಲ್ಲಿ ಫೋನು ಗುಂಯ್ ಎಂದಿತು. ಹೆಂಡತಿ.

"ಬಸ್ಸಲ್ಲಿ ಕೂತಿದ್ದೀನಿ. ಇನ್ನೇನು ಹೊರಡುತ್ತೆ. ಒಂದೇ ಒಂದು ಸಲ ನಿಜ ಹೇಳಿ. ನನ್ನ ಕರ್ಕೊಂಡು ಹೋಗೋಕೆ ಬರ್ತೀರೋ ಇಲ್ವೋ?"

ಅವನ ಬೆರಳು ಮುಟ್ಟುವ ಮೊದಲೇ ಫೋನು ಉತ್ತರ ಕೊಟ್ಟಿತು. "ಬರ್ತೀನಿ."

ಹೆಂಡತಿಗೆ ಹೇಳಿದ ಆ ಮಾತು ಮೊದಲ ಸಲ ನಿಜವಾಗಿತ್ತು. ಆದರೆ ಅದನ್ನು ನಿಜವೆಂದು ತೋರಿಸುವುದು ಹೇಗೆ? ವಾಷರಣ್ಣ ಫೋನನ್ನೇ ನೋಡುತ್ತ ನಿಂತ. ಮೇಷ್ಟ್ರೂ ಎದ್ದು ಬಂದು ಹೆಗಲ ಮೇಲಿಂದ ಇಣುಕಿದರು. ಟೈಲರಮ್ಮ ಸ್ಟೂಲನ್ನು ಕೆಳಗಿಟ್ಟಳು. ಒಂದು ನಿಮಿಷವಾಯಿತು, ಎರಡಾಯಿತು. ಫೋನು ಮತ್ತೆ ಗುಂಯ್ ಎಂದಿತು.

"ಬರ್ತೀನಿ."

"ಮೇಷ್ಟ್ರೇ" ಎಂದ ವಾಷರಣ್ಣ. "ಇದು ಇಳಿದು ಬರೋ ಬರ್ತೀನೋ, ಹೊರಟುಹೋಗೋ ಬರ್ತೀನೋ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. "ವ್ಯಾಕರಣದ ಪ್ರಕಾರ ಎರಡೂ ಸರಿ ಕಣಪ್ಪ."

ಬಸ್ ನಿಲ್ದಾಣಕ್ಕೆ ಓಡಿದರೆ, ಅವಳು ಇನ್ನೊಂದು ದಾರಿಯಲ್ಲಿ ಮನೆಗೆ ಬಂದು ಮತ್ತೆ ಬೀಗವನ್ನೂ ಆ ಟಪ್ ಟಪ್ ಅನ್ನೂ ಕಾಣಬೇಕು. ಇಲ್ಲೇ ನಿಂತು ನಲ್ಲಿ ಸರಿಮಾಡಿದರೆ, ಬಸ್ಸು ಹೊರಟುಹೋಗಬಹುದು. ವಾಷರಣ್ಣ ಬಾಗಿಲು ತೆರೆದ. ಮೊಳೆಯ ಮೇಲಿನ ಬೀಗದಕೈ ತೆಗೆದು ಒಂದು ಕೈಯಲ್ಲಿ ಹಿಡಿದ. ಜೇಬಿನಲ್ಲಿ ಬೆಳಗ್ಗೆ ತಂದ ವಾಷರಿಗಾಗಿ ಇನ್ನೊಂದು ಕೈಯಿಂದ ತಡಕಾಡಿದ. ಡಬ್ಬಿಯಲ್ಲಿದ್ದದ್ದೆಲ್ಲ ಮುಗಿದು, ಅದನ್ನೂ ಡಾಕ್ಟರಮ್ಮನ ಬೇಸಿನ್ನಿಗೆ ಹಾಕಿ ಬಂದಿದ್ದ. ಒಂದು ಕಾಲು ಹೊಸ್ತಿಲೊಳಗೆ, ಒಂದು ಕಾಲು ಹೊರಗೆ ಇಟ್ಟು ಅವನು ಹಾಗೇ ನಿಂತಿದ್ದಾಗ, ಅವಳ ಆ ಮಾತಿಗೂ ಫೋನು ತನ್ನಷ್ಟಕ್ಕೆ ಉತ್ತರ ಬರೆದು ಕಳಿಸಿತು.